ಕೊನೆಗೌಡನೋ, ಮರ ಹತ್ತುವ ಯಂತ್ರವೋ, ಫೈಬರ್ ದೋಟಿಯೋ: ಅಡಿಕೆ ತೋಟಕ್ಕೆ ಯಾವುದು ಸುರಕ್ಷಿತ?

ಅಡಿಕೆ ಮರದ ತಲೆಗೆ ವರ್ಷದಲ್ಲಿ ಐದಾರು ಸಲವಾದರೂ ಕೈ ಮುಟ್ಟಬೇಕು. ಕೊಳೆರೋಗ ತಡೆಯಲು ಮಳೆ ಹಿಡಿಯುವ ಮುನ್ನ ಒಂದು ಮದ್ದು (ಬೋರ್ಡೋ ದ್ರಾವಣ), 40–45 ದಿನ ಬಿಟ್ಟು ಇನ್ನೊಂದು, ಮಳೆ ಬಿಡದಿದ್ದರೆ ಮೂರನೆಯದು. ಕೆಲವು ಕಡೆ ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುವ ಕೆಲಸವೂ ಉಂಟು. ಆಮೇಲೆ ಕೊಯ್ಲು ಮೂರು ನಾಲ್ಕು ಸುತ್ತು. ಮರ ಹತ್ತಿ ಗೊನೆ ಕೊಯ್ಯುವ ಕೊನೆಗೌಡರು ಕಡಿಮೆಯಾದಂತೆ ಪೇಟೆಗೆ ಉಪಕರಣಗಳು ಬಂದವು. ಒಂದೊಂದೂ 'ಇನ್ನು ಅಪಾಯವೇ ಇಲ್ಲ' ಎಂಬ ಮಾತಿನೊಡನೆ ಮಾರಾಟವಾಗುತ್ತದೆ. ಅಪಾಯ ಎಲ್ಲಿಗೂ ಹೋಗಿಲ್ಲ, ಜಾಗ ಬದಲಿಸಿದೆ ಅಷ್ಟೆ. ಕಾಲಿಗೆ ತಳೆ (ಹಗ್ಗದ ಬಳೆ) ಹಾಕಿ ಹತ್ತುವವನಿಗೆ ಬೀಳುವ ಭಯ, ದೋಟಿ (ತುದಿಗೆ ಕತ್ತಿ ಕಟ್ಟಿದ ಉದ್ದ ಕೋಲು) ಹಿಡಿದವನಿಗೆ ಕರೆಂಟಿನ ಭಯ. ಯಂತ್ರದಲ್ಲಿ ಹೋದವನಿಗೆ ಎರಡರ ಜೊತೆಗೆ ಬೋಲ್ಟು ಸಡಿಲವಾಗುವ ಭಯ. ಹಾಗಾಗಿ ಉಪಕರಣಕ್ಕಿಂತ ಮೊದಲು ನೋಡಬೇಕಾದ್ದು ತೋಟವನ್ನು.

ಮೊದಲು ತೋಟ ಸುತ್ತಿ ಬನ್ನಿ

ಮೂರು ವಿಷಯ ಬರೆದಿಟ್ಟುಕೊಳ್ಳಿ: ತಂತಿ ಎಲ್ಲಿ ಹಾದಿದೆ, ಮರ ಎಷ್ಟು ಎತ್ತರ, ಯಾವ ಮರ ಹಾಳಾಗಿದೆ.

ತಂತಿ ಎಂದರೆ 11 ಸಾವಿರ ವೋಲ್ಟಿನ ಎಚ್‌ಟಿ ಲೈನ್ ಮಾತ್ರವಲ್ಲ. ಪಂಪ್‌ಹೌಸಿಗೆ ಬರುವ ಎಲ್‌ಟಿ ಲೈನು (ಕಡಿಮೆ ವೋಲ್ಟಿನದು), ಸೋಗೆಯ ನಡುವೆ ಕಾಣದಂತೆ ಹೋದ ಸರ್ವಿಸ್ ವೈರು, ಪಕ್ಕದ ತೋಟದವರು ಮರಕ್ಕೇ ಕಟ್ಟಿ ಎಳೆದ ವೈರು, ಎಲ್ಲವೂ ಲೆಕ್ಕಕ್ಕೆ ಸೇರಬೇಕು. ಎತ್ತರ ಅಳೆಯಲು ಮರ ಹತ್ತಬೇಕಿಲ್ಲ. ಬಿಸಿಲಿರುವಾಗ ಒಂದು ಮೀಟರಿನ ಕೋಲು ನಿಲ್ಲಿಸಿ ಅದರ ನೆರಳನ್ನೂ ಮರದ ನೆರಳನ್ನೂ ಅಳೆದರೆ ಲೆಕ್ಕ ಸಿಗುತ್ತದೆ. ನೆಲ ಮಾತ್ರ ಸಮತಟ್ಟಾಗಿರಬೇಕು.

ಹಾಳಾದ ಮರ ಗುರುತಿಸುವುದು ಇದಕ್ಕಿಂತ ಮುಖ್ಯ. ಬುಡದಲ್ಲಿ ಅಣಬೆ ಎದ್ದಿದ್ದರೆ, ಕಂದು ರಸ ಸೋರಿದ್ದರೆ ಅದು ಅಣಬೆ ರೋಗ. ಬೇರೂ ಬುಡವೂ ಕೊಳೆತಿರುತ್ತವೆ, ಮೇಲೆ ಸೋಗೆ ಹಸಿರಾಗಿಯೇ ಇರಬಹುದು. ನೈರುತ್ಯದ ಇಳಿಬಿಸಿಲು ಬಡಿಯುವ ಅಂಚಿನ ಸಾಲಿನಲ್ಲಿ ಕಾಂಡ ಸುಟ್ಟು ಸೀಳಿರುತ್ತದೆ. ಗಾಳಿಗೆ ಮುರಿಯುವ ಮರಗಳಲ್ಲಿ ಇಂಥವೇ ಹೆಚ್ಚು. ಮರಕುಟಿಗನ ತೂತು, ಸಿಡಿಲು ಬಡಿದ ಗುರುತು ಇದ್ದರೂ ಅಷ್ಟೆ. ಕತ್ತಿಯ ಹಿಡಿಯಿಂದ ಬುಡಕ್ಕೂ ಎದೆಯೆತ್ತರಕ್ಕೂ ತಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ಸುಣ್ಣದಲ್ಲಿ ಅಡ್ಡ ಪಟ್ಟೆ ಬಳಿಯಿರಿ. ಪಟ್ಟೆ ಇದ್ದ ಮರ ಯಾರೂ ಹತ್ತಕೂಡದು, ಯಂತ್ರವನ್ನೂ ಹಾಕಕೂಡದು. ಕೂಲಿಗೆ ಬಂದವನಿಗೆ ನಿಮ್ಮ ತೋಟದ ಮರಗಳ ಚರಿತ್ರೆ ಗೊತ್ತಿರುವುದಿಲ್ಲ, ನಿಮಗೆ ಗೊತ್ತಿರುತ್ತದೆ. ಈ ಗುರುತು ಹಾಕುವ ಕೆಲಸ ಮಾಲೀಕನದೇ.

ತಳೆ ಹಾಕಿ ಹತ್ತುವ ಕೊನೆಗೌಡ

ಕೆಲಸದ ಗುಣಮಟ್ಟದಲ್ಲಿ ಇವರನ್ನು ಮೀರಿಸುವ ಉಪಕರಣ ಇಂದಿಗೂ ಇಲ್ಲ. ಗೊನೆ ಹಣ್ಣಾಗಿದೆಯೋ ಇಲ್ಲವೋ ಹತ್ತಿರದಿಂದ ನೋಡಿ ಕೊಯ್ಯುತ್ತಾರೆ, ಹಗ್ಗದಲ್ಲಿ ಜಾರಿಸಿ ಇಳಿಸುವುದರಿಂದ ಅಡಿಕೆ ಚದುರುವುದಿಲ್ಲ. ಮದ್ದನ್ನು ಗೊನೆಯ ಒಳಮೈಗೂ ತಾಗಿಸುತ್ತಾರೆ, ಕೊಟ್ಟೆ ಕಟ್ಟುತ್ತಾರೆ, ಒಣ ಹಿಂಗಾರ ತೆಗೆದು ಸುಳಿ ಹೇಗಿದೆಯೆಂದು ಹೇಳುತ್ತಾರೆ. ನೆಲದಿಂದ ಇದರಲ್ಲಿ ಅರ್ಧವೂ ಆಗದು.

ಆದರೆ 40 ಅಡಿ ಮೇಲಿಂದ ಬಿದ್ದವನು ನೆಲ ಮುಟ್ಟುವಾಗ ವೇಗ ಗಂಟೆಗೆ ಸುಮಾರು 55 ಕಿ.ಮೀ. ಇರುತ್ತದೆ. ಬೈಕಿನಲ್ಲಿ ಅಷ್ಟು ವೇಗದಲ್ಲಿ ಹೋಗಿ ಗೋಡೆಗೆ ಗುದ್ದಿದ ಹಾಗೆ. ಮದ್ದಿನ ಕೆಲಸ ಬರುವುದೇ ಮಳೆಗಾಲದಲ್ಲಿ, ಕಾಂಡಕ್ಕೆ ಪಾಚಿ ಹಿಡಿದ ಹೊತ್ತಿಗೆ. ಕೊಯ್ಲಿನ ಕಾಲಕ್ಕಿಂತ ಮದ್ದಿನ ಕಾಲಕ್ಕೆ ಭಯ ಹೆಚ್ಚು.

ಹತ್ತುವಾಗಿನದಕ್ಕಿಂತ ದಾಟುವಾಗಿನ ಅಪಾಯ ದೊಡ್ಡದು. 9 ಅಡಿ ಅಂತರದ ತೋಟದಲ್ಲಿ ಒಂದು ಮರದ ತಲೆಯಿಂದ ಕೊಕ್ಕೆಯಲ್ಲಿ ಪಕ್ಕದ ಮರವನ್ನು ಎಳೆದು ಹಿಡಿದು ದಾಟುತ್ತಾರೆ. ಹಾಗೆ ದಾಟಿದಾಗಲೇ ದಿನಕ್ಕೆ ಅಷ್ಟು ಗೊನೆ ಕೊಯ್ಯಲು ಆಗುವುದು. ಆ ಕ್ಷಣದಲ್ಲಿ ಎರಡು ಮರವೂ ಬಾಗಿರುತ್ತವೆ. ಒಂದರ ಬುಡ ಕೊಳೆತಿದ್ದರೆ, ಇಲ್ಲವೇ ಕಾಂಡ ಸೀಳಿದ್ದರೆ ಮುರಿಯುವುದು ಆಗಲೇ.

'ಬೆಲ್ಟ್ ಕೊಟ್ಟಿದ್ದೇನೆ, ಅವನೇ ಹಾಕಿಕೊಳ್ಳುವುದಿಲ್ಲ' ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ದಾಟುವವನಿಗೆ ಬೆಲ್ಟ್ ನಿಜಕ್ಕೂ ಅಡ್ಡಿ. ಹಳೆ ಮರಕ್ಕೆ ಕಟ್ಟಿಕೊಂಡು ದಾಟಲಾಗದು. ಎರಡಕ್ಕೂ ಕಟ್ಟಿಕೊಂಡರೆ, ಕೊಕ್ಕೆ ಜಾರಿ ಮರಗಳು ಹಿಂದಕ್ಕೆ ಚಿಮ್ಮಿದಾಗ ನಡುವೆ ಸಿಕ್ಕಿದವನ ಗತಿಯೇನು? ಬೆಲ್ಟ್ ಬೇಕೆಂದರೆ ದಾಟುವುದನ್ನು ಬಿಟ್ಟು ಒಂದೊಂದು ಮರವನ್ನೂ ಹತ್ತಿ ಇಳಿಯಬೇಕು. ಆಗ ದಿನಕ್ಕೆ ಆಗುವ ಮರಗಳ ಸಂಖ್ಯೆ ಇಳಿಯುತ್ತದೆ, ಗೊನೆ ಲೆಕ್ಕದ ಕೂಲಿಯಲ್ಲಿ ಅವನಿಗೆ ನಷ್ಟ. ಸುರಕ್ಷತೆ ಬೇಕೆನ್ನುವ ಮಾಲೀಕ ದಿನದ ಲೆಕ್ಕದ ಕೂಲಿಗೆ ಒಪ್ಪಬೇಕು. ಗೊನೆ ಲೆಕ್ಕದಲ್ಲಿ ಕೊಟ್ಟು ಬೆಲ್ಟ್ ಹಾಕು ಎನ್ನುವುದು ಬರೀ ಬಾಯಿಮಾತು.

ಬೆಲ್ಟ್ ಕೊಳ್ಳುವವರಿಗೆ

ಸೊಂಟಕ್ಕೆ ಮಾತ್ರ ಸುತ್ತುವ ಬೆಲ್ಟ್ ಬೇಡ. ಬಿದ್ದವನ ಇಡೀ ಭಾರ ಅದರಿಂದ ಹೊಟ್ಟೆ, ಪಕ್ಕೆ, ಬೆನ್ನುಮೂಳೆಯ ಮೇಲೆ ಬೀಳುತ್ತದೆ, ತಲೆಕೆಳಗಾಗಿ ಜಾರಿ ಹೋಗುವುದೂ ಉಂಟು. ತೊಡೆ, ಎದೆ, ಭುಜ ಮೂರಕ್ಕೂ ಪಟ್ಟಿ ಇರುವ ಫುಲ್ ಬಾಡಿ ಹಾರ್ನೆಸ್ ತೆಗೆದುಕೊಳ್ಳಿ. ಐಎಸ್ 3521 ಗುರುತನ್ನು ನೋಡಿ.

ಹಾರ್ನೆಸ್ ಜೊತೆ ಬರುವ ಹಗ್ಗ ಕಟ್ಟಡದ ಕೆಲಸಕ್ಕೆಂದು ಮಾಡಿದ್ದು. ಸುಮಾರು 2 ಮೀಟರ್ ಉದ್ದ, ಜೊತೆಗೆ ಬಿದ್ದಾಗ ಬಿಚ್ಚಿಕೊಂಡು ಹೊಡೆತ ತಗ್ಗಿಸುವ ಮಡಿಕೆಪಟ್ಟಿ. ಎಲ್ಲ ಸೇರಿ ಕೆಳಗೆ 6 ಮೀಟರಿನಷ್ಟು ಖಾಲಿ ಜಾಗ ಬೇಕು. 15 ಅಡಿ ಎತ್ತರದಲ್ಲಿ ಜಾರಿದವನನ್ನು ಅದು ನಿಲ್ಲಿಸುವ ಹೊತ್ತಿಗೆ ಅವನು ನೆಲದಲ್ಲಿರುತ್ತಾನೆ. ಇನ್ನೊಂದು ತೊಂದರೆ ಇದಕ್ಕಿಂತ ಹೆಚ್ಚು ಮೋಸದ್ದು. ಅಡಿಕೆ ಮರಕ್ಕೆ ಕೊಂಬೆಯಿಲ್ಲ. ಮರದ ಸುತ್ತ ಹಗ್ಗ ಬಳಸಿ ಕೊಂಡಿ ಸಿಕ್ಕಿಸಿದರೆ ಅದು ಉಂಗುರದ ಹಾಗೆ ಕಾಂಡದ ಮೇಲೆ ಸಲೀಸಾಗಿ ಜಾರುತ್ತದೆ. ಕಟ್ಟಿಕೊಂಡವನೂ ಅದರ ಜೊತೆ ಬುಡದವರೆಗೆ ಬರುತ್ತಾನೆ.

ಬೇಕಾದ್ದು ಎಳೆದಷ್ಟೂ ಬಿಗಿಯುವ ಕುಣಿಕೆ. ಗಟ್ಟಿ ನೇಯ್ಗೆಯ ಪಟ್ಟಿಯನ್ನು ಮರಕ್ಕೆ ಸುತ್ತಿ, ಒಂದು ತುದಿಯನ್ನು ಇನ್ನೊಂದರ ಕಣ್ಣಿನಲ್ಲಿ ತೂರಿಸಿ, ಅಲ್ಲಿಂದ ಹಾರ್ನೆಸಿಗೆ ಗಿಡ್ಡ ಹಗ್ಗ. ಪಾಚಿ ಇದ್ದರೆ ಎರಡು ಸುತ್ತು ಹಾಕಿ. ಕುಣಿಕೆ ಯಾವಾಗಲೂ ಎದೆಗಿಂತ ಮೇಲೆ, ಹಗ್ಗದಲ್ಲಿ ಸಡಿಲು ಒಂದೂವರೆ ಅಡಿಗಿಂತ ಹೆಚ್ಚು ಬೇಡ. ಹಾರ್ನೆಸಿನ ಬೆನ್ನಿನ ಕೊಂಡಿಗಿಂತ ಎದೆಯ ಕೊಂಡಿ ಈ ಕೆಲಸಕ್ಕೆ ಅನುಕೂಲ, ಏಕೆಂದರೆ ಮರ ಮುಂದಿರುತ್ತದೆ. ದಿನಾ ಬೆಳಿಗ್ಗೆ ಮೊದಲ ಮರದಲ್ಲಿ 3 ಅಡಿ ಎತ್ತರಕ್ಕೆ ಕುಣಿಕೆ ಹಾಕಿ, ಕಾಲೆತ್ತಿ ಪೂರ್ತಿ ಭಾರ ಬಿಟ್ಟು ಕುಳಿತು ನೋಡಬೇಕು. ಜಾರಿದರೆ ಆ ದಿನದ ಕಾಂಡಕ್ಕೆ ಆ ಕುಣಿಕೆ ಆಗದು.

ಬೆಲ್ಟಿನಲ್ಲಿ ನೇತಾಡುವವನನ್ನು ಇಳಿಸುವವರು ಯಾರು? ತೋಟದಲ್ಲಿ ಹತ್ತಲು ಬಲ್ಲವನು ಅವನೊಬ್ಬನೇ ಆದರೆ ಬೆಲ್ಟಿನ ಕೆಲಸ ಅರ್ಧಕ್ಕೇ ನಿಂತ ಹಾಗೆ. ಅಲುಗಾಡದೆ ನೇತಾಡಿದಾಗ ತೊಡೆಪಟ್ಟಿ ಒತ್ತಿ ರಕ್ತ ಕಾಲಿನಲ್ಲೇ ನಿಂತು, ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. ಹತ್ತುವವರು ಇಬ್ಬರಿರಲಿ, ಇನ್ನೊಂದು ಜೊತೆ ತಳೆಯೋ ಯಂತ್ರವೋ ಕೈಯಳತೆಯಲ್ಲಿರಲಿ.

ಕಾಲಲ್ಲಿ ತುಳಿದು ಹತ್ತುವ ಯಂತ್ರ

ಕೇರಳದಿಂದ ಬಂದ ಚೆಂಬೇರಿ ಮಾದರಿ ಎಲ್ಲರಿಗೂ ಪರಿಚಿತ. ಎಡಕ್ಕೊಂದು ಬಲಕ್ಕೊಂದು ಚೌಕಟ್ಟು, ಪ್ರತಿಯೊಂದಕ್ಕೂ ಮರವನ್ನು ಬಳಸುವ ಉಕ್ಕಿನ ತಂತಿಹಗ್ಗ, ರಬ್ಬರ್ ತುಂಡು, ಪಾದ ಇಡುವ ಪಟ್ಟಿ, ಕೈಹಿಡಿ. ಒಂದು ಕಾಲಿನ ಮೇಲೆ ಭಾರ ಬಿಟ್ಟಾಗ ಆ ಬದಿಯ ತಂತಿಹಗ್ಗ ಬಿಗಿಯುತ್ತದೆ, ಭಾರ ತೆಗೆದ ಬದಿ ಸಡಿಲವಾಗಿ ಮೇಲೆ ಸರಿಯುತ್ತದೆ. ಕುಳಿತು ಹತ್ತುವ ಮಾದರಿಗಳೂ ಇವೆ, ನಿಧಾನ, ಆದರೆ ಹೊಸಬರಿಗೆ ಧೈರ್ಯ ಕೊಡುತ್ತವೆ.

ಇವು ಮೂಲದಲ್ಲಿ ತೆಂಗಿನ ದಪ್ಪಕ್ಕೆ ಮಾಡಿದವು. ಅಡಿಕೆಗೆ ತಂತಿಹಗ್ಗ ಗಿಡ್ಡವಾಗಬೇಕು, ರಬ್ಬರ್ ಸಣ್ಣ ಸುತ್ತಿಗೆ ಹೊಂದಬೇಕು. ತೆಂಗಿಗೂ ಅಡಿಕೆಗೂ ಒಂದೇ ಎಂದು ಮಾರುವವರಿದ್ದರೆ, ಸುತ್ತಳತೆ ಹೊಂದಿಸುವ ತೂತುಗಳು ನಿಜಕ್ಕೂ ಅಡಿಕೆಯ ತುದಿಯವರೆಗೆ ಸಾಲುತ್ತವೆಯೇ ಎಂದು ಮರಕ್ಕೆ ಹಾಕಿಸಿ ನೋಡಿ. ಮೇಲೆ ಹೋದಂತೆ ಕಾಂಡ ಸಪೂರವಾಗುತ್ತದೆ. ಬುಡದಲ್ಲಿ ಸರಿಯಿದ್ದ ಹಿಡಿತ ತುದಿಯಲ್ಲಿ ಸಡಿಲ.

ತಪ್ಪುವುದು ಹೆಚ್ಚಾಗಿ ಇಳಿಯುವಾಗ. ದಣಿದ ಕಾಲು, ಬೇಗ ಮುಗಿಸುವ ಆತುರ. ಒಂದು ಬದಿ ಪೂರ್ತಿ ಕಚ್ಚುವ ಮುನ್ನ ಇನ್ನೊಂದು ಬದಿಯ ಭಾರ ತೆಗೆದರೆ ಎರಡೂ ಸಡಿಲ. 'ತುಳಿ, ಕಚ್ಚಿತೇ ನೋಡು, ಆಮೇಲೆ ಎತ್ತು' ಎಂದು ಹೇಳಿಕೊಟ್ಟವರು ಕಲಿಸಿದವರಲ್ಲಿ ಒಳ್ಳೆಯವರು. ದಿನಕ್ಕೊಮ್ಮೆ ಕಾಟನ್ ಬಟ್ಟೆಯಿಂದ ತಂತಿಹಗ್ಗ ಒರೆಸಿ. ಬಟ್ಟೆಗೆ ಎಳೆ ಸಿಕ್ಕಿಕೊಂಡರೆ ಒಳಗೆ ತಂತಿ ಕಡಿದಿದೆ ಎಂದರ್ಥ, ಹಗ್ಗ ಬದಲಿಸಿ. ಬೆಸುಗೆಯ ಜಾಗದಲ್ಲಿ ತುಕ್ಕಿನ ಗೆರೆ ಕಂಡರೆ ಅದು ಬಿರುಕು. ಯಂತ್ರ ಹತ್ತಲು ಇರುವುದು, ಬೀಳದಂತೆ ತಡೆಯಲು ಅಲ್ಲ. ಹಾರ್ನೆಸಿನ ಕುಣಿಕೆ ಬೇರೆಯಾಗಿ ಮರಕ್ಕೇ ಇರಬೇಕು.

ಪ್ರತಿ ಮರಕ್ಕೂ ಕಟ್ಟಿ ಬಿಚ್ಚುವ ಕೆಲಸ ಇರುವುದರಿಂದ, ಎಕರೆಗೆ 500ಕ್ಕೂ ಹೆಚ್ಚು ಮರವಿರುವ ತೋಟದಲ್ಲಿ ಇದು ಬೇಸರ ತರಿಸುತ್ತದೆ. ಮನೆ ಸುತ್ತಲಿನ ನೂರಿನ್ನೂರು ಮರಕ್ಕೆ, ಹತ್ತಿಪ್ಪತ್ತು ತೆಂಗಿಗೆ ಒಳ್ಳೆಯದು.

ಇಂಜಿನ್ ಕೂಡಿಸಿದ ಮರ ಹತ್ತುವ ಬೈಕಿನ ಬಗ್ಗೆ ಎರಡೇ ಮಾತು. ಬಂಟ್ವಾಳ ತಾಲೂಕಿನ ಕೃಷಿಕರೊಬ್ಬರು ಮಾಡಿದ್ದು 2019ರಲ್ಲಿ ದೇಶವೆಲ್ಲ ಸುದ್ದಿಯಾಯಿತು, ಜಾಣ ಕೆಲಸ. ಆದರೆ 30 ಕೆ.ಜಿ. ಹತ್ತಿರದ ಭಾರವನ್ನು ಮರದಿಂದ ಮರಕ್ಕೆ, ಕಪ್ಪು (ನೀರು ಬಸಿಯುವ ಕಾಲುವೆ) ಹಾರಿಸಿಕೊಂಡು ಹೊರಬೇಕು. ಹತ್ತುವವನ ತೂಕಕ್ಕೆ ಮಿತಿಯಿದೆ. ಪಾಚಿಯ ಮೇಲೆ ಗಾಲಿ ಜಾರುತ್ತದೆ. ಕೊಳ್ಳುವ ಮುನ್ನ, ಮೇಲೆ ಇಂಜಿನ್ ನಿಂತರೆ ಕೈಯಲ್ಲೇ ಇಳಿಯುವುದು ಹೇಗೆಂದು ಮಾರುವವರಿಂದಲೇ ಮಾಡಿಸಿ ನೋಡಿ. ಇಲ್ಲೂ ಹಾರ್ನೆಸ್ ಮರಕ್ಕೆ, ಯಂತ್ರದ ಸೀಟಿಗಲ್ಲ.

ಫೈಬರ್ ದೋಟಿ

ಈ ಹೆಸರಿನಲ್ಲೇ ಜೀವ ತೆಗೆಯುವ ತಪ್ಪೊಂದಿದೆ. 'ಫೈಬರ್' ಎಂದೊಡನೆ ಕೇಳಿದವರಿಗೆ ಪ್ಲಾಸ್ಟಿಕ್ ಕುರ್ಚಿ, ನೀರಿನ ಟ್ಯಾಂಕಿನ ಜಾತಿಯ ವಸ್ತು ಎನಿಸುತ್ತದೆ, ಕರೆಂಟು ಹಾಯದು ಎಂಬ ನಂಬಿಕೆ ಬರುತ್ತದೆ. ಅಡಿಕೆಗೆ ಮಾರಾಟವಾಗುವ ಹಗುರ, ಉದ್ದ, ಬಾಗದ ದೋಟಿ ಕಾರ್ಬನ್ ಫೈಬರಿನದು. ಕಾರ್ಬನ್ನಿನಲ್ಲಿ ವಿದ್ಯುತ್ ಹರಿಯುತ್ತದೆ. ತಂತಿಗೆ ತಾಗಿದರೆ ಅಲ್ಯೂಮಿನಿಯಂ ದೋಟಿಯಷ್ಟೇ ಇದೂ ಕೊಲ್ಲುತ್ತದೆ. ಗ್ಲಾಸ್ ಫೈಬರಿನದು ಒಣಗಿದ್ದಾಗ, ಸ್ವಚ್ಛವಿದ್ದಾಗ ವಿದ್ಯುತ್ ತಡೆಯುತ್ತದೆ. ಆದರೆ ಅದು ಭಾರ, ಎತ್ತರಕ್ಕೆ ಬಾಗುತ್ತದೆ, ಮೈಗೆ ಮದ್ದಿನ ನೀರು ಇಳಿದರೆ ಆ ಭರವಸೆಯೂ ಇಲ್ಲ. ಹಳೆಯ ಬಿದಿರಿನ ದೋಟಿ ಹಸಿಯಾದರೆ ಅದಕ್ಕೂ ಇದೇ ಮಾತು. ಅಂಗಡಿಯವನನ್ನು ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದ್ದಲ್ಲ, 'ಕಾರ್ಬನ್ನೋ ಗ್ಲಾಸೋ?' ಎಂಬುದು. ಹಿಡಿಯುವ ಜಾಗಕ್ಕೆ ರಬ್ಬರ್ ಸುತ್ತಿದೆ, ಗಂಬೂಟು ಹಾಕಿದರೆ ಸಾಕು ಎನ್ನುವವನ ಮಾತು ಕೇಳಬೇಡಿ. 11 ಸಾವಿರ ವೋಲ್ಟಿಗೆ ಅವು ಲೆಕ್ಕವೇ ಅಲ್ಲ.

ತಂತಿಯಿಂದ ಎಷ್ಟು ದೂರ? 'ತಾಗಿಸದಿದ್ದರಾಯಿತು' ಎಂಬ ಲೆಕ್ಕ ತಪ್ಪು, ಏಕೆಂದರೆ ಉದ್ದ ದೋಟಿ ಒಂದಲ್ಲ ಒಂದು ದಿನ ಕೈತಪ್ಪಿ ಬೀಳುತ್ತದೆ. ಪೂರ್ತಿ ಎಳೆದ ದೋಟಿ ಯಾವ ದಿಕ್ಕಿಗೆ ಬಿದ್ದರೂ ತಂತಿ ಮುಟ್ಟಬಾರದು. 60 ಅಡಿಯ ದೋಟಿಯಾದರೆ, ತಂತಿಯ ನೇರ ಕೆಳಗಿನ ನೆಲದಿಂದ ಎರಡೂ ಬದಿಗೆ 60 ಅಡಿ, ಅದಕ್ಕೆ ಇನ್ನೊಂದು 10 ಅಡಿ ಸೇರಿಸಿ, ಅಷ್ಟರೊಳಗಿನ ಮರಗಳಿಗೆ ಕೆಂಪು ಬಣ್ಣ ಬಳಿಯಿರಿ. ಅಲ್ಲಿ ದೋಟಿ ಎತ್ತಬಾರದು.

ಆ ಮರಗಳ ಗೊನೆ ಏನು ಮಾಡುವುದು? ವಿದ್ಯುತ್ ಕಂಪನಿಯ ನಿಮ್ಮ ಶಾಖಾ ಕಚೇರಿಗೆ ಬರೆದುಕೊಟ್ಟು, ದಿನ ಮತ್ತು ಗಂಟೆ ಗೊತ್ತುಮಾಡಿಕೊಂಡು ಲೈನ್ ಕ್ಲಿಯರ್ ಪಡೆಯಿರಿ. ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ, ಚಿಕ್ಕಮಗಳೂರಿಗೆ ಮೆಸ್ಕಾಂ, ಉತ್ತರ ಕನ್ನಡಕ್ಕೆ ಹೆಸ್ಕಾಂ, ದಾವಣಗೆರೆ, ಚಿತ್ರದುರ್ಗ, ತುಮಕೂರಿಗೆ ಬೆಸ್ಕಾಂ. ಲೈನ್‌ಮನ್ ಬಂದು ಲೈನಿನ ಕರೆಂಟು ಕಡಿದಿದ್ದೇನೆ ಎಂದು ಎದುರಿಗೆ ಹೇಳಿದ ಮೇಲೆ ಕೆಲಸ. 'ಕರೆಂಟು ಹೋಗಿದೆ, ಈಗ ಬೇಗ ಕೊಯ್ದುಬಿಡಿ' ಎನ್ನುವುದು ನಮ್ಮ ಕಡೆಯ ದೊಡ್ಡ ದಡ್ಡತನ. ತ್ರೀ ಫೇಸ್ ಹೋಗಿ ಪಂಪು ನಿಂತರೂ ಸಿಂಗಲ್ ಫೇಸ್ ಇರಬಹುದು. ಹೋದದ್ದು ಯಾವ ಗಳಿಗೆಯಲ್ಲೂ ಬರಬಹುದು. ಯಾರದೋ ಮನೆಯ ಜನರೇಟರ್ ತಪ್ಪು ಜೋಡಣೆಯಿಂದ ಲೈನಿಗೆ ಹಿಂದಿನಿಂದ ಕರೆಂಟು ಕೊಡುತ್ತಿರಬಹುದು.

ಇನ್ನು ಎತ್ತುವ ಕೌಶಲ. ನೇರ ನಿಂತ ದೋಟಿ ಹಗುರ, ವಾಲಿದ ದೋಟಿ ರಾಕ್ಷಸ. 5 ಕೆ.ಜಿ.ಯ ದೋಟಿ, ತೂಕದ ನಡು 8 ಮೀಟರ್ ಮೇಲೆ ಎಂದಿಟ್ಟುಕೊಳ್ಳಿ. 30 ಡಿಗ್ರಿ ವಾಲಿದರೆ ಆ ತೂಕ 4 ಮೀಟರ್ ಆಚೆ ಹೋಗುತ್ತದೆ. ಒಂದು ಮೀಟರ್ ಅಂತರದಲ್ಲಿ ಹಿಡಿದ ಎರಡು ಕೈಗಳು ತಲಾ 20 ಕೆ.ಜಿ. ಬಲದಲ್ಲಿ ತಡೆಯಬೇಕು, ಒಂದು ಎಳೆದು, ಇನ್ನೊಂದು ದೂಡಿ. ಅದಕ್ಕೇ ದೋಟಿಯನ್ನು ಮಲಗಿಸಿ ಪೂರ್ತಿ ಎಳೆದು ಎತ್ತುವ ಸಾಹಸ ಬೇಡ. ಮಡಚಿದ ದೋಟಿಯನ್ನು ಮರಕ್ಕೆ ತಾಗಿಸಿ ನೆಟ್ಟಗೆ ನಿಲ್ಲಿಸಿ, ತುದಿಯ ಸಪೂರ ತುಂಡಿನಿಂದ ಶುರುಮಾಡಿ ಒಂದೊಂದೇ ಮೇಲೆ ತಳ್ಳಿ, ಪ್ರತಿ ಕ್ಲಾಂಪ್ ಬಿಗಿದು, ಕೆಳಕ್ಕೆ ಜಗ್ಗಿ ನೋಡಿ ಮುಂದಿನದಕ್ಕೆ ಹೋಗಿ. ಇಳಿಸುವಾಗ ತಿರುಗುಮುರುಗು, ದಪ್ಪ ತುಂಡು ಮೊದಲು. ಕ್ಲಾಂಪ್ ಸಡಿಲಿಸುವಾಗ ಬೆರಳು ಎರಡು ತುಂಡಿನ ನಡುವೆ ಇರಕೂಡದು, ಮೇಲಿನ ಇಡೀ ಭಾರ ಅಲ್ಲಿಗೆ ಕುಸಿಯುತ್ತದೆ. ಗಾಳಿ ಎದ್ದು ಸೋಗೆಗಳು ಒಂದೇ ದಿಕ್ಕಿಗೆ ಬಾಗತೊಡಗಿದರೆ ಕೆಲಸ ನಿಲ್ಲಿಸಿ. ಮರದಿಂದ ಮರಕ್ಕೆ ಹೋಗುವಾಗ ಪೂರ್ತಿ ಎಳೆದ ದೋಟಿಯನ್ನು ನೆಟ್ಟಗೆ ಹಿಡಿದು ನಡೆಯುವುದು ಎಲ್ಲರ ಅಭ್ಯಾಸ, ಆಗ ಕಣ್ಣು ತುದಿಯ ಮೇಲಿರುತ್ತದೆ, ಕಾಲು ಕಪ್ಪಿಗೆ ಹೋಗುತ್ತದೆ. ಕಪ್ಪು ದಾಟುವಾಗ ಕನಿಷ್ಠ ಅರ್ಧದಷ್ಟಾದರೂ ಮಡಚಿ.

ಕತ್ತಿಯನ್ನು ಗೊನೆಯ ತೊಟ್ಟಿನ ಮೇಲೆ ಕೂರಿಸಿ ನೇರ ಕೆಳಕ್ಕೆ ಒಂದೇ ಎಳೆತ. ಪಕ್ಕಕ್ಕೆ ಜಗ್ಗಿದರೆ ತುದಿಯ ತುಂಡು ಸೀಳುತ್ತದೆ. ಕೂದಲೆಳೆಯ ಬಿರುಕಿನಿಂದ ಕಪ್ಪು ಚೂರುಗಳು ಎದ್ದರೆ ಆ ತುಂಡಿನ ಆಯುಸ್ಸು ಮುಗಿಯಿತು, ಟೇಪು ಸುತ್ತಿ ಸಾಗಿಸಬೇಡಿ. ಆ ಚೂರು ಕೈಗೆ ಹೊಕ್ಕರೆ ತೆಗೆಯುವುದೂ ಕಷ್ಟ, ಕೈಗವಸು ಹಾಕಿ. ಬುಡದಿಂದ 5–6 ಅಡಿ ದೂರ ನಿಂತೇ ಎಳೆಯಿರಿ. ಹಲವು ಕೆ.ಜಿ. ತೂಗುವ ಗೊನೆ ಅಷ್ಟು ಎತ್ತರದಿಂದ ಬರುತ್ತದೆ, ಕೆಲವು ಸಲ ಕತ್ತಿಯೂ ಕಳಚಿ ಬರುತ್ತದೆ. ದೋಟಿ ಹಿಡಿದವನಿಗೂ ಕೆಳಗೆ ಗೊನೆ ಬೀಳಲು ಬಲೆ ಹಿಡಿದವರಿಗೂ ಐಎಸ್ 2925 ಗುರುತಿನ ಹೆಲ್ಮೆಟ್, ಗಲ್ಲದ ಪಟ್ಟಿ ಕಟ್ಟಿ. ದಿನವಿಡೀ ತಲೆಯೆತ್ತಿ ನೋಡುವ ಕೆಲಸವಾದ್ದರಿಂದ ಕುತ್ತಿಗೆ ನೋವು ಖಂಡಿತ. ಇಬ್ಬರು ಕಲಿತಿದ್ದು ಅರ್ಧ ಗಂಟೆಗೊಮ್ಮೆ ಕೈ ಬದಲಿಸಿದರೆ ಇಬ್ಬರೂ ಉಳಿಯುತ್ತಾರೆ.

ಮದ್ದಿಗೆ ದೋಟಿ ಬಳಸುವಾಗ ಲೆಕ್ಕ ಬೇರೆ. ಬೋರ್ಡೋ ದ್ರಾವಣ ಅದೇ: ಮೈಲುತುತ್ತ (ಕಾಪರ್ ಸಲ್ಫೇಟ್) 1 ಕೆ.ಜಿ., ಸುಟ್ಟ ಸುಣ್ಣ 1 ಕೆ.ಜಿ., ನೀರು 100 ಲೀಟರ್. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಹೊಳೆಯುವ ಬ್ಲೇಡು ಅದ್ದಿ ತೆಗೆದಾಗ ಕೆಂಪು ಕಟ್ಟಿದರೆ ಸುಣ್ಣ ಸಾಲದು. ಆದರೆ ಕೆಳಗಿನಿಂದ ಹೊಡೆದದ್ದು ಗೊನೆಯ ಹೊರಮೈಗೆ ತಾಗಿ ಹೊಡೆದವನ ಮುಖಕ್ಕೇ ಮರಳುತ್ತದೆ. ಸುಣ್ಣ ಮತ್ತು ತಾಮ್ರ ಎರಡೂ ಕಣ್ಣಿಗೆ ಕೆಟ್ಟವು. ಕನ್ನಡಕ, ಅಗಲ ಅಂಚಿನ ಟೊಪ್ಪಿ, ಗಾಳಿಗೆ ಬೆನ್ನು ಮಾಡಿ ನಿಲ್ಲುವುದು. ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ನೇರ ಕಣ್ಣಿನ ವೈದ್ಯರ ಬಳಿಗೆ. ದ್ರಾವಣ ಹೊತ್ತ ಹೋಸು ದೋಟಿಯ ಉದ್ದಕ್ಕೂ ಇರುವುದರಿಂದ ತುದಿ ಭಾರವಾಗಿ, ಕೊಯ್ಲಿನಲ್ಲಿ 60 ಅಡಿ ಆಡಿಸುವವನು ಮದ್ದಿನಲ್ಲಿ 45ಕ್ಕೆ ಸುಸ್ತಾಗುತ್ತಾನೆ.

ಹಾಗಾದರೆ ಯಾರಿಗೆ ಯಾವುದು

ಮರ 45 ಅಡಿಯೊಳಗೆ, ತಂತಿ ದೂರ, ನೆಲ ಸಮ: ದೋಟಿಯೇ ಸರಿ, ಎರಡನೆಯ ಯೋಚನೆ ಬೇಡ. ಕೊಳೆರೋಗ ಹೆಚ್ಚಿರುವ, ಮಳೆ ಜಾಸ್ತಿಯ ಮಲೆನಾಡಿನ ಕಣಿವೆ ತೋಟದಲ್ಲಿ ಕೊಯ್ಲಿಗೆ ದೋಟಿ ಇಟ್ಟುಕೊಂಡರೂ ಮದ್ದಿಗೆ ಹತ್ತುವವರನ್ನು ಬಿಡಲಾಗದು. ಅಲ್ಲಿ ಹಣ ಹಾಕಬೇಕಾದ್ದು ಹಾರ್ನೆಸಿಗೆ, ದಿನದ ಲೆಕ್ಕದ ಕೂಲಿಗೆ. 70 ಅಡಿ ದಾಟಿದ ಮುದಿ ತೋಟಕ್ಕೆ 80 ಅಡಿಯ ದೋಟಿ ಕೊಳ್ಳುವ ಬದಲು ಸಾಲು ಸಾಲಾಗಿ ಮರ ತೆಗೆದು ಸಸಿ ನೆಡುವುದೇ ಲೇಸೆಂದು ನಮ್ಮ ಅನಿಸಿಕೆ. ಅಷ್ಟು ಎತ್ತರದಲ್ಲಿ ಹಣ್ಣು ಯಾವುದು ಕಾಯಿ ಯಾವುದು ಎಂದು ಕಣ್ಣಿಗೂ ಕಾಣದು. ತಂತಿ ತೋಟದ ನಡುವೆಯೇ ಹಾದಿದ್ದರೆ ಕಾರ್ಬನ್ ದೋಟಿಯ ಆಸೆ ಬಿಡಿ, ಇಲ್ಲವೇ ಲೈನು ಸರಿಸಲು ಅರ್ಜಿ ಕೊಡಿ. ಹತ್ತುವವನಿಗೂ ಅಲ್ಲಿ ಲೈನ್ ಕ್ಲಿಯರ್ ಬೇಕು, ಬಾಗಿದ ಮರ, ಹಸಿ ಸೋಗೆ ತಂತಿಗೆ ತಾಗಿದರೂ ಅಷ್ಟೆ.

ತರಬೇತಿ

ಮರ ಹತ್ತುವವನಿಗೆ ಡ್ರೈವಿಂಗ್ ಲೈಸೆನ್ಸಿನಂಥದ್ದು ಯಾರೂ ಕೇಳುವುದಿಲ್ಲ. ಹಾಗಾಗಿ ಅಳೆಯುವ ಕೆಲಸ ನಿಮ್ಮದೇ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ 'ತೆಂಗಿನ ಮರದ ಗೆಳೆಯರು' ತರಬೇತಿ ಶುರುಮಾಡಿತು. ಆರು ದಿನದ ಶಿಬಿರ, ಯಂತ್ರದಲ್ಲಿ ಹತ್ತುವುದರ ಜೊತೆಗೆ ಸುಳಿ ಸ್ವಚ್ಛ ಮಾಡುವುದು, ಕೀಟರೋಗ ಗುರುತಿಸುವುದು ಎಲ್ಲ ಸೇರಿದೆ. ಮಂಡಳಿಯ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿದೆ. ಅಡಿಕೆಗೆಂದೇ ವಿಟ್ಲದ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಆವರಣದಲ್ಲಿ 'ಅಡಿಕೆ ಕೌಶಲ್ಯ ಪಡೆ' ಶಿಬಿರಗಳು ನಡೆದಿವೆ. ದೋಟಿ ಕೊಂಡಾಗ ಅಂಗಡಿಯವರು ಮಾಡಿ ತೋರಿಸುವ ಅರ್ಧ ಗಂಟೆಯ ಆಟ ತರಬೇತಿಯಲ್ಲ.

ಕಲಿತು ಬಂದವನನ್ನು ಕೆಲಸಕ್ಕೆ ಹಚ್ಚುವ ಮುನ್ನ ಮೂರು ಸಂಗತಿ ನೋಡಿ. ಮರ ಮುಟ್ಟುವ ಮೊದಲು ಬುಡ ನೋಡಿ ತಟ್ಟುತ್ತಾನೆಯೇ? ದೋಟಿ ಎತ್ತುವ ಮೊದಲು ಆಕಾಶ ನೋಡುತ್ತಾನೆಯೇ? ನೀವು 'ಇದೊಂದು ಮರ ಮುಗಿಸಿಬಿಡು' ಎಂದಾಗ, ಮಳೆ ಬಂತು ಆಗುವುದಿಲ್ಲ ಎನ್ನುವ ಧೈರ್ಯ ಅವನಿಗಿದೆಯೇ? ಮೂರನೆಯದಕ್ಕೆ ಹೌದು ಎಂದಾದರೆ ಕೂಲಿ ಸ್ವಲ್ಪ ಜಾಸ್ತಿ ಕೇಳಿದರೂ ಅವನೇ ಇರಲಿ.

ವಿಮೆ ಮತ್ತು ಹೊಣೆ

ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದವರಿಗೆ, ಬ್ಯಾಂಕ್ ಖಾತೆಯಿಂದಲೇ ಕಡಿತ. ಅಪಘಾತದಲ್ಲಿ ತೀರಿಕೊಂಡರೆ, ಇಲ್ಲವೇ ಎರಡೂ ಕಾಲು, ಎರಡೂ ಕೈ ಅಥವಾ ಎರಡೂ ಕಣ್ಣು ಶಾಶ್ವತವಾಗಿ ಹೋದರೆ 2 ಲಕ್ಷ. ಒಂದು ಕಾಲೋ ಕೈಯೋ ಕಣ್ಣೋ ಹೋದರೆ 1 ಲಕ್ಷ. ಮೂಳೆ ಮುರಿದು ಆರು ತಿಂಗಳು ಮಲಗಿದರೆ ಇದರಲ್ಲಿ ಒಂದು ರೂಪಾಯಿಯೂ ಇಲ್ಲ, ಆಸ್ಪತ್ರೆಯ ಖರ್ಚೂ ಇಲ್ಲ. ಮರದಿಂದ ಬಿದ್ದ ಪ್ರಕರಣದಲ್ಲಿ ತಕ್ಷಣದ ಆಸ್ಪತ್ರೆ ದಾಖಲೆ ಬೇಕೆಂದು ಈ ಯೋಜನೆಯ ವಿವರಣೆಯಲ್ಲೇ ಹೇಳಿದೆ. ಮನೆಮದ್ದು ಮಾಡಿ ಮೂರು ದಿನ ಬಿಟ್ಟು ಹೋದರೆ ಹಕ್ಕು ಸಾಧಿಸುವುದು ಕಷ್ಟ. ದಾಖಲಿಸುವಾಗ 'ಅಡಿಕೆ ಮರದಿಂದ ಬಿದ್ದದ್ದು' ಎಂದು ಕಾರಣ ಬರೆಸಿ. ವಿಮೆ ಜೂನ್ 1ರಿಂದ ಮೇ 31ರವರೆಗೆ, ಅಂದರೆ ನವೀಕರಣ ಬರುವುದು ಸರಿಯಾಗಿ ಮೊದಲ ಮದ್ದಿನ ಹೊತ್ತಿಗೆ. ಖಾತೆಯಲ್ಲಿ 20 ರೂಪಾಯಿ ಇಲ್ಲದೆ ವಿಮೆ ತಪ್ಪುವುದೂ ಆಗಲೇ. ಮುಂಗಡ ಕೂಲಿ ಕೊಡುವಾಗ ಇದನ್ನು ಕೇಳಿ ಖಾತ್ರಿ ಮಾಡಿಕೊಳ್ಳಿ.

ತೆಂಗು ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ 'ಕೇರ ಸುರಕ್ಷಾ' ವಿಮೆ ಇದಕ್ಕಿಂತ ಎಷ್ಟೋ ಮೇಲು, ಆಸ್ಪತ್ರೆ ಖರ್ಚೂ ಸೇರುತ್ತದೆ. ಅಡಿಕೆ, ತೆಂಗು ಎರಡನ್ನೂ ಹತ್ತುವವರು ಇದಕ್ಕೆ ಸೇರುವುದು ಬುದ್ಧಿವಂತಿಕೆ.

'ಗುತ್ತಿಗೆ ಕೊಟ್ಟಿದ್ದೇನೆ, ನನಗೇನೂ ಸಂಬಂಧವಿಲ್ಲ' ಎಂದು ನೆಮ್ಮದಿಯಿಂದಿರಬೇಡಿ. ತನ್ನದೇ ವ್ಯವಹಾರದ ಕೆಲಸವನ್ನು ಗುತ್ತಿಗೆದಾರನಿಂದ ಮಾಡಿಸಿದರೂ ಮೂಲ ಮಾಲೀಕನಿಂದಲೇ ಪರಿಹಾರ ಕೇಳಬಹುದು ಎಂಬುದು 1923ರ ಕಾರ್ಮಿಕ ಪರಿಹಾರ ಕಾಯ್ದೆಯಿಂದ ಬಂದ ತತ್ವ. ಸಾಮಾನ್ಯ ವಿಮಾ ಕಂಪನಿಗಳಲ್ಲಿ ಕಾರ್ಮಿಕ ಪರಿಹಾರದ ಪಾಲಿಸಿ ಸಿಗುತ್ತದೆ. ಹತ್ತಾರು ತೋಟದವರು ಸೇರಿ ಸಹಕಾರಿ ಸಂಘದ ಮೂಲಕ ಮಾಡಿಸಿದರೆ ತಲಾ ಭಾರ ಕಡಿಮೆ. ಪಾಲಿಸಿಯಲ್ಲಿ 'ಕೃಷಿ ಕೆಲಸ' ಎಂದಷ್ಟೇ ಬರೆಸಬೇಡಿ, 'ಮರ ಹತ್ತುವುದು' ಎಂದು ಸ್ಪಷ್ಟವಾಗಿ ಬರೆಸಿ.

ಆಗಬಾರದ್ದು ಆದಾಗ

ಬಿದ್ದವನನ್ನು ಇಬ್ಬರು ಕೈಕಾಲು ಹಿಡಿದು ಎತ್ತಿ ಜೀಪಿನ ಹಿಂದೆ ಮಡಚಿ ಕೂರಿಸುವುದೇ ಹೆಚ್ಚಿನ ಕಡೆ ನಡೆಯುವುದು. ಬೆನ್ನುಮೂಳೆ ಮುರಿದಿದ್ದರೆ ನರ ಕಡಿಯುವುದು ಆ ಎತ್ತುವಿಕೆಯಲ್ಲೇ. ಉಸಿರಿದ್ದರೆ ಬಿದ್ದ ಹಾಗೇ ಇರಲಿ, ಒಬ್ಬರು ತಲೆ ಅಲುಗಾಡದಂತೆ ಎರಡು ಕೈಯಲ್ಲಿ ಹಿಡಿಯಲಿ, 108ಕ್ಕೆ ಕರೆ ಹೋಗಲಿ. ಆಂಬುಲೆನ್ಸ್ ಬರದ ದಾರಿಯಾದರೆ ಬಾಗಿಲಿನಂಥ ಗಟ್ಟಿ ಹಲಗೆ ತಂದು, ನಾಲ್ಕು ಜನ ಒಟ್ಟಿಗೆ, ಇಡೀ ಮೈಯನ್ನು ಮರದ ದಿಮ್ಮಿಯ ಹಾಗೆ ಒಂದೇ ಸಲ ಹೊರಳಿಸಿ ಹಲಗೆಗೆ ಹಾಕಿ, ಬೈರಾಸಿನಲ್ಲಿ (ಟವೆಲಿನಲ್ಲಿ) ಕಟ್ಟಿ. ನೀರು ಕುಡಿಸಬೇಡಿ.

ದೋಟಿ ತಂತಿಗೆ ತಾಗಿದ್ದರೆ ಹಿಡಿದವನನ್ನು ಮುಟ್ಟಬೇಡಿ, ದೋಟಿಗೆ ಒದೆಯಲೂ ಬೇಡಿ. ವಿದ್ಯುತ್ ಸಹಾಯವಾಣಿ 1912ಕ್ಕೂ ಲೈನ್‌ಮನ್‌ಗೂ ಕರೆ ಮಾಡಿ ಲೈನು ಕಡಿಸಿ. ಲೈನ್‌ಮನ್ ನಂಬರು ದೋಟಿಯ ಬುಡದ ತುಂಡಿಗೇ ಬಣ್ಣದಲ್ಲಿ ಬರೆದಿಟ್ಟಿದ್ದರೆ ಆಗ ಹುಡುಕಾಟ ಉಳಿಯುತ್ತದೆ. ತಂತಿ ಕಡಿದು ನೆಲಕ್ಕೆ ಬಿದ್ದಿದ್ದರೆ ಹಸಿ ನೆಲದಲ್ಲಿ ಹತ್ತು ಮೀಟರ್ ದೂರದವರೆಗೂ ಭಯವಿದೆ. ಓಡಬೇಡಿ, ಎರಡೂ ಪಾದ ಜೋಡಿಸಿ, ನೆಲ ಬಿಡದೆ ಸಣ್ಣ ಸಣ್ಣದಾಗಿ ಸರಿಯುತ್ತ ಹೊರಗೆ ಬನ್ನಿ. ಲೈನಿನ ಕರೆಂಟು ನಿಂತದ್ದು ಖಚಿತವಾದ ಮೇಲೆ ಉಸಿರು ನೋಡಿ. ಇಲ್ಲದಿದ್ದರೆ ಎದೆಯ ನಡುವೆ ನಿಮಿಷಕ್ಕೆ 100–120ರ ಲೆಕ್ಕದಲ್ಲಿ, ಎರಡು ಇಂಚು ಕುಸಿಯುವಷ್ಟು ಒತ್ತುತ್ತಾ ಇರಿ, ಆಂಬುಲೆನ್ಸಿನವರು ಬಂದು ಕೈ ಬದಲಿಸುವವರೆಗೆ.